ಕುಳಿತು ಆಡುವ ಮಗುವಿಗೂ ಒಂದು ಅಂಗಳ

ಮಹಾದಾಸೋಹಿ ಶರಣಬಸವೇಶ್ವರರ ಚರಿತ್ರೆಯಲ್ಲಿ ಹಕ್ಕಿಗಳ ಪ್ರಸಂಗವೊಂದು ಬರುತ್ತದೆ. ಅರಳಗುಂಡಗಿಯ ಹೊಲದಲ್ಲಿ ತೆನೆಗೆ ಎರಗಿದ ಹಕ್ಕಿಗಳನ್ನು ಶರಣರು ಓಡಿಸಲಿಲ್ಲ. ಕಾಳು ತಿಂದವುಗಳಿಗೆ ನೀರಡಿಕೆಯಾದೀತೆಂದು ಕುಡಿಯಲು ನೀರನ್ನೂ ಇಟ್ಟರು. ಕಲಬುರಗಿ ಸೀಮೆಯ ಭಕ್ತರ ಮನೆಗಳಲ್ಲಿ ಈ ಕಥೆಯನ್ನು ಕೇಳದೆ ಬೆಳೆದ ಮಗು ವಿರಳ. ಕೇಳುವಾಗ ನಾವು ಕಾಳಿನ ಭಾಗವನ್ನು ನೆನಪಿಟ್ಟುಕೊಂಡು ನೀರಿನ ಭಾಗವನ್ನು ಮರೆತುಬಿಡುತ್ತೇವೆ. ಬಂದ ಜೀವಕ್ಕೆ ಏನು ಬೇಕಾದೀತೆಂಬುದನ್ನು ಅದು ಬಾಯಿಬಿಟ್ಟು ಕೇಳುವ ಮೊದಲೇ ಊಹಿಸಿ ಅಣಿಗೊಳಿಸುವುದು ದಾಸೋಹದ ಸೂಕ್ಷ್ಮವಾದ ಅಂಶ. ಅನ್ನದ ವಿಷಯದಲ್ಲಿ ನಮ್ಮ ಮಠಮಂದಿರಗಳು ಈ ಸೂಕ್ಷ್ಮವನ್ನು ಅರಿತಿವೆ. ಮಕ್ಕಳ ಆಟದ ವಿಷಯದಲ್ಲಿ ಇನ್ನೂ ಅರಿಯಬೇಕಾಗಿದೆ ಎಂಬುದನ್ನು ಕಲಬುರಗಿಯಿಂದ ಕಮಲಾಪುರದವರೆಗಿನ ಈಚಿನ ಸಂಚಾರದಲ್ಲಿ ಕಂಡುಕೊಂಡೆನು.

ಬೇಸಿಗೆಯಲ್ಲಿ ಕಲಬುರಗಿಯ ಬಿಸಿಲು 42 ಡಿಗ್ರಿ ಸೆಲ್ಸಿಯಸ್ ದಾಟುವುದು ಹೊಸತಲ್ಲ. ಹಗಲೆಲ್ಲ ಕದ ಹಾಕಿಕೊಂಡಿದ್ದ ಊರು ಹೊತ್ತು ಇಳಿದ ಮೇಲೆ ಹೊರಬರುತ್ತದೆ. ಶರಣಬಸವೇಶ್ವರ ದೇವಾಲಯದ ಆವರಣ, ಅಪ್ಪನ ಕೆರೆಯ ದಂಡೆ, ಪಬ್ಲಿಕ್ ಗಾರ್ಡನ್, ಬಡಾವಣೆಗಳ ಚಿಕ್ಕ ಚಿಕ್ಕ ಉದ್ಯಾನಗಳು ಎಲ್ಲೆಡೆಯೂ ಮಕ್ಕಳ ಕಲರವ. ಅಂಥ ಒಂದು ಬಡಾವಣೆಯ ಉದ್ಯಾನದಲ್ಲಿ ನಾನು ಕುಳಿತಿದ್ದೆ. ಕಬ್ಬಿಣದ ಜಾರುಬಂಡೆಯು ದೀಪ ಹಚ್ಚುವ ಹೊತ್ತಿಗೂ ಬೆಚ್ಚಗಿತ್ತು. ನಡುಹಗಲಿನ ಬಿಸಿಲಿಗೆ ಬಿದ್ದ ಇಂಥ ತಗಡು 60 ಡಿಗ್ರಿಯನ್ನೂ ಮೀರಿ ಕಾಯುತ್ತದೆ. ಎಳೆಯ ಚರ್ಮವನ್ನು ಸುಡಲು ಅದಕ್ಕೆ ಕೆಲವೇ ಕ್ಷಣ ಸಾಕು. ಉದ್ಯಾನದ ಬಾಗಿಲಲ್ಲಿ ಬೈಕುಗಳು ನುಗ್ಗದಿರಲೆಂದು ಕಂಬಗಳನ್ನು ಒತ್ತೊತ್ತಾಗಿ ನೆಟ್ಟಿದ್ದರು. ಬೈಕಿನೊಡನೆ ಗಾಲಿಕುರ್ಚಿಯೂ ಹೊರಗೆ ಉಳಿಯಿತು. ತಾಯಿಯೊಬ್ಬರು ಕುರ್ಚಿಯನ್ನು ಬಾಗಿಲಾಚೆ ಬಿಟ್ಟು, ಏಳೆಂಟು ವರುಷದ ಮಗನನ್ನು ಸೊಂಟದ ಮೇಲೆ ಹೊತ್ತು ಒಳಗೆ ಬಂದರು. ಅಕ್ಕನು ಜಾರುವುದನ್ನು ತಮ್ಮನು ನೋಡಿ ನಗುತ್ತಿದ್ದನು. ನಾನು ಮಾತನಾಡಿಸಿದಾಗ ಆ ತಾಯಿ ಹೇಳಿದರು: “ಮುತ್ಯಾರ, ಇಲ್ಲಿ ಎಲ್ಲಾ ನಿಂತು ಆಡೋ ಆಟನೇ ಅವ. ಕುಂತು ಆಡೋದು ಒಂದರೆ ಎಲ್ಲದರೀ?”

ಈ ಪ್ರಶ್ನೆಗೆ ಉತ್ತರ ನಮ್ಮ ಮನೆಗಳಲ್ಲಿಯೇ ಇತ್ತು. ಹರಳಾಟ, ಅಳಗುಳಿಮಣೆ, ಪಗಡೆ, ಹುಲಿ-ಕುರಿ ಇವೆಲ್ಲ ಕುಳಿತು ಆಡುವ ಆಟಗಳೇ. ಹಳೆಯ ದೇವಾಲಯಗಳ ಕಲ್ಲಿನ ನೆಲಹಾಸಿನಲ್ಲಿ ಈ ಆಟಗಳ ಮನೆಗಳನ್ನು ಕೊರೆದಿರುವುದನ್ನು ನಾಡಿನ ಅನೇಕ ಕಡೆ ಇಂದಿಗೂ ಕಾಣಬಹುದು. ನಮ್ಮ ಹಬ್ಬಗಳ ಪಂಚಾಂಗವೂ ಒಂದು ಆಟದ ಅಂಗಳದ ನಕಾಶೆಯಂತಿದೆ. ಮಣ್ಣೆತ್ತಿನ ಅಮಾವಾಸ್ಯೆಗೆ ಮಕ್ಕಳ ಕೈಗೆ ಹಸಿಮಣ್ಣು. ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಕೂಡಿಸುವ ಗುಳ್ಳವ್ವನಿಗೆ ಮತ್ತೆ ಅದೇ ಮಣ್ಣು. ನಾಗರಪಂಚಮಿಗೆ ಮರದ ಕೊಂಬೆಗೆ ಜೋಕಾಲಿ. ಎಳ್ಳಮಾವಾಸ್ಯೆಗೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಸಜ್ಜೆಯ ಕಡಬು ಭಜ್ಜಿ ಉಂಡು, ಸಂಜೆಯವರೆಗೆ ಬಯಲಿನಲ್ಲಿ ಆಟ. ಮಣ್ಣು, ಮರ, ನೀರು, ಬಯಲು ಈ ನಾಲ್ಕನ್ನು ಹಿರಿಯರು ಮಕ್ಕಳಿಗೆ ವರುಷಕ್ಕೆ ಒಂದೊಂದು ಸಲವಾದರೂ ತಪ್ಪದೆ ಒದಗಿಸಿದ್ದರು. ನಾವು ಅವುಗಳ ಬದಲಿಗೆ ತಗಡು, ಪ್ಲಾಸ್ಟಿಕ್ಕು, ಸಿಮೆಂಟುಗಳನ್ನು ತಂದಿರಿಸಿ ಅದಕ್ಕೆ ಅಭಿವೃದ್ಧಿ ಎಂದು ಹೆಸರಿಟ್ಟೆವು.

ಮಣ್ಣಿನ ಆಟವು ಕೇವಲ ಹಳೆಯದರ ಹಂಬಲವೆಂದು ತಿಳಿಯಬೇಕಿಲ್ಲ. ಫಿನ್ಲೆಂಡ್ ದೇಶದ ಶಿಶುವಿಹಾರಗಳ ಅಂಗಳಗಳಿಗೆ ಕಾಡಿನ ನೆಲದ ಮಣ್ಣು, ಹುಲ್ಲು, ಗಿಡಗಳನ್ನು ತಂದು ಹರಡಿ, ಮಕ್ಕಳನ್ನು ಅದರಲ್ಲಿ ಆಡಬಿಟ್ಟು ಪರೀಕ್ಷಿಸಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಕೇವಲ 28 ದಿನಗಳಲ್ಲಿ ಆ ಮಕ್ಕಳ ಚರ್ಮದ ಮೇಲಿನ ಸೂಕ್ಷ್ಮಜೀವಿಗಳ ವೈವಿಧ್ಯ ಹೆಚ್ಚಿದುದಲ್ಲದೆ, ರಕ್ತದಲ್ಲಿ ರೋಗನಿರೋಧಕ ವ್ಯವಸ್ಥೆಗೆ ಸಂಬಂಧಿಸಿದ ಒಳ್ಳೆಯ ಬದಲಾವಣೆಗಳೂ ಕಂಡುಬಂದವು. ಇದಕ್ಕೂ ಹಿಂದೆ, 1943ರಲ್ಲಿ, ಡೆನ್ಮಾರ್ಕ್ ದೇಶವು ಪರಕೀಯರ ವಶದಲ್ಲಿದ್ದ ಯುದ್ಧಕಾಲದಲ್ಲಿ, ಕೋಪನ್‌ಹೇಗನ್ನಿನ ಎಂಡ್ರಪ್ ಎಂಬಲ್ಲಿ ಸೋರೆನ್ಸನ್ ಎಂಬ ಉದ್ಯಾನಶಿಲ್ಪಿಯ ಆಲೋಚನೆಯಂತೆ ಒಂದು ವಿಚಿತ್ರವಾದ ಆಟದ ಬಯಲು ತೆರೆಯಿತು. ಅಲ್ಲಿ ಜಾರುಬಂಡೆಯಿಲ್ಲ, ತಿರುಗುಣಿಯಿಲ್ಲ. ಹಲಗೆ, ಇಟ್ಟಿಗೆ, ಮಣ್ಣು ಕೊಟ್ಟು ಮಕ್ಕಳನ್ನು ಬಿಟ್ಟುಬಿಟ್ಟರು. 1946ರಲ್ಲಿ ಅದನ್ನು ಕಂಡ ಇಂಗ್ಲೆಂಡಿನ ಲೇಡಿ ಆ್ಯಲನ್ ಎಂಬ ಮಹಿಳೆ ಆ ವಿಚಾರವನ್ನು ತಮ್ಮ ದೇಶಕ್ಕೆ ಕೊಂಡೊಯ್ದರು. 1970ರಲ್ಲಿ ಲಂಡನ್ನಿನ ಚೆಲ್ಸಿಯಲ್ಲಿ ಅಂಗವಿಕಲ ಮಕ್ಕಳಿಗಾಗಿಯೇ ಅಂಥ ಒಂದು ಬಯಲು ಸಿದ್ಧವಾದುದು ಅವರ ಪ್ರಯತ್ನದಿಂದ. ಅಂಗವಿಕಲ ಮಗುವಿಗೆ ಔಷಧ, ವ್ಯಾಯಾಮಗಳಷ್ಟೇ ಸಾಲವು, ಸಾಹಸವೂ ಕೆಸರೂ ಬೇಕೆಂಬ ಮಾತನ್ನು ಅವರು ಕೃತಿಯಲ್ಲಿ ತೋರಿಸಿದರು. ನಮ್ಮ ನಾಡಿನಲ್ಲಿಯೂ ಮೇಲ್ಪಂಕ್ತಿಯಿಲ್ಲದಿಲ್ಲ. ಬೆಂಗಳೂರಿನ ಕೋಲ್ಸ್ ಪಾರ್ಕಿನಲ್ಲಿಯೂ ಬಸವನಗುಡಿಯ ಎಂ. ಎನ್. ಕೃಷ್ಣರಾವ್ ಪಾರ್ಕಿನಲ್ಲಿಯೂ ವಿಶೇಷ ಅಗತ್ಯವುಳ್ಳ ಮಕ್ಕಳ ತಂದೆತಾಯಿಗಳು ಕಟ್ಟಿಕೊಂಡ ‘ಕಿಲಿಕಿಲಿ’ ಸಂಸ್ಥೆಯು ನಗರಪಾಲಿಕೆಯೊಡನೆ ಸೇರಿ ಎಲ್ಲ ಮಕ್ಕಳೂ ಕೂಡಿ ಆಡುವ ತಾಣಗಳನ್ನು ರೂಪಿಸಿತು. ಈ ಕಾರ್ಯಕ್ಕೆ ಮುಂದಾದವರು ತಾಯಂದಿರೂ ತಂದೆಯರೂ ಎಂಬುದನ್ನು ಗಮನಿಸಬೇಕು.

ಕಲಬುರಗಿಯಿಂದ ಹುಮನಾಬಾದ ಮಾರ್ಗವಾಗಿ ಕಮಲಾಪುರವು ಸುಮಾರು ಒಂದು ತಾಸಿನ ಹಾದಿ. ನಗರ ದಾಟುತ್ತಲೇ ಎರೆಭೂಮಿ. ತೊಗರಿ ಕೊಯ್ದ ಮೇಲೆ ಬೇಸಿಗೆಯಲ್ಲಿ ಅಂಗೈಯಗಲ ಬಿರುಕು ಬಿಟ್ಟು ಮಲಗಿದ ನೆಲ. ಮಹಾಗಾಂವ ಕ್ರಾಸ್ ಕಳೆದು ಬೀದರಿನ ಕಡೆಗೆ ಮುಂದುವರಿದಂತೆ ಮಣ್ಣಿನ ಬಣ್ಣ ಕೆಂಪಿಗೆ ತಿರುಗುತ್ತದೆ. ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಕೆಂಪು ಬಾಳೆಯ ಊರು ಈ ಕಮಲಾಪುರ. ಇತ್ತೀಚಿನ ವರ್ಷಗಳಲ್ಲಿ ತಾಲ್ಲೂಕು ಕೇಂದ್ರವೂ ಆಗಿದೆ. 2017ರ ಅಕ್ಟೋಬರಿನಲ್ಲಿ ಬೀದರ-ಕಲಬುರಗಿ ರೈಲು ಹಾದಿ ಉದ್ಘಾಟನೆಗೊಂಡ ಮೇಲೆ ಇತ್ತ ರೈಲೂ ಬರುತ್ತಿದೆ. ಬಾಳೆಯ ತೋಟದ ನೆರಳಿನಲ್ಲಿ ಹೊಕ್ಕಾಗ ಹೊರಗಿನ ಉರಿಯು ಮರೆತೇ ಹೋಗುತ್ತದೆ. ಈ ಸೀಮೆಯಲ್ಲಿ ನೆರಳಿಗಿಂತ ದೊಡ್ಡ ಆಟದ ಸಾಮಾನು ಇಲ್ಲವೆಂದು ನನಗೆ ಮನದಟ್ಟಾದುದು ಅಲ್ಲಿಯೇ.

ಕಮಲಾಪುರದ ಆಚೆಯ ಹಳ್ಳಿಯೊಂದರಲ್ಲಿ ಮಠದ ಹಿಂದೆ ಹತ್ತು ಗುಂಟೆಯಷ್ಟು ಬಯಲಿದೆ. ಒಂದು ಮುದಿ ಹುಣಸೆ, ಎರಡು ಬೇವು, ಒಂದು ಬಾವಿ. ಅದನ್ನು ನೆಲಗಟ್ಟು ಮಾಡಿ ಕಲ್ಯಾಣಮಂಟಪ ಕಟ್ಟಬೇಕೆಂದು ಕೆಲವು ಭಕ್ತರ ಅಪೇಕ್ಷೆ. ಮಕ್ಕಳಿಗೆ ಬಿಡಬೇಕೆಂದು ಕೆಲವರ ವಾದ. ಅಭಿಪ್ರಾಯ ಕೇಳಿ ಕರೆಸಿಕೊಂಡಿದ್ದರು. ಕಲ್ಯಾಣಮಂಟಪಗಳನ್ನು ನಾನು ಅಲ್ಲಗಳೆಯುವವನಲ್ಲ. ಆದರೆ ಮುಹೂರ್ತದ ದಿನಗಳಲ್ಲಿ ತುಂಬಿ, ಉಳಿದ ದಿನ ಬೀಗ ಹಾಕಿಕೊಂಡಿರುವ ಎಷ್ಟು ಮಂಟಪಗಳು ಈಗಾಗಲೇ ನಮ್ಮಲ್ಲಿವೆ? ಅಂಗಳಕ್ಕೆ ಮುಹೂರ್ತ ಬೇಕಿಲ್ಲ. ಸಭೆಯಲ್ಲಿ ಹಿರಿಯರೊಬ್ಬರು, “ಅಂಥಾ ಹುಡುಗ್ರು ನಮ್ಮೂರಾಗ ಎಷ್ಟ್ ಮಂದಿ ಹಾರ್ರೀ? ಒಬ್ಬನೋ ಇಬ್ಬರೋ” ಎಂದರು. ಬಾಗಿಲ ಬಳಿ ನಿಂತಿದ್ದ ಅಂಗನವಾಡಿ ಕಾರ್ಯಕರ್ತೆ ಮನೆತನಗಳ ಹೆಸರು ಹೇಳತೊಡಗಿದರು. ಐದನೆಯ ಮನೆಯ ಹೆಸರು ಬರುವ ಹೊತ್ತಿಗೆ ಸಭೆ ನಿಶ್ಶಬ್ದವಾಯಿತು. ಆ ಮಕ್ಕಳೆಲ್ಲ ಊರಿನಲ್ಲಿಯೇ ಇದ್ದರು. ಊರು ಅವರನ್ನು ಕಂಡಿರಲಿಲ್ಲ.

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಎಲ್ಲ ವಯಸ್ಸಿನ ವಿಕಲಚೇತನರ ಸಂಖ್ಯೆ 13,24,205. ಇದು ಹಳೆಯ ವ್ಯಾಖ್ಯೆಯ ಲೆಕ್ಕ. 1995ರ ಅಧಿನಿಯಮವು ಏಳು ಬಗೆಯ ವೈಕಲ್ಯಗಳನ್ನು ಹೆಸರಿಸಿದ್ದರೆ, 2017ರ ಏಪ್ರಿಲ್ 19ರಿಂದ ಜಾರಿಗೆ ಬಂದ 2016ರ ಅಧಿನಿಯಮವು 21 ಬಗೆಗಳನ್ನು ಮನ್ನಿಸುತ್ತದೆ; ಆಟಿಸಂ ಮೊದಲಾದವು ಈಗ ಅದರಲ್ಲಿ ಸೇರಿವೆ. ಆಟವು ಮಗುವಿನ ಹಕ್ಕೆಂದು 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ಅನುಚ್ಛೇದ ಹೇಳುತ್ತದೆ. ಭಾರತವು 1992ರಲ್ಲಿ ಅದಕ್ಕೆ ಒಪ್ಪಿದೆ. ತೀವ್ರ ವೈಕಲ್ಯವುಳ್ಳ ಮಕ್ಕಳಿಗೆ ಮನೆಗೇ ಹೋಗಿ ಪಾಠ ಹೇಳುವ ವ್ಯವಸ್ಥೆ ಸಮಗ್ರ ಶಿಕ್ಷಣ ಯೋಜನೆಯಲ್ಲಿದೆ. ಪಾಠವು ಮನೆಗೆ ಬರಬಲ್ಲುದು, ಗೆಳೆಯರ ಗುಂಪು ಬರಲಾರದು. ಅದಕ್ಕೆ ಮಗುವೇ ಹೊರಬರಬೇಕು.

ಆ ಹತ್ತು ಗುಂಟೆಯನ್ನು ಎದುರಿಗಿಟ್ಟುಕೊಂಡು ನಾವು ಚರ್ಚಿಸಿದ ಸಂಗತಿಗಳನ್ನು ಇತರ ಊರುಗಳ ಭಕ್ತರಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತೇನೆ.

ಮೊದಲನೆಯದು ನೆರಳು. ಜಾರುಬಂಡೆಯನ್ನು ಉತ್ತರಕ್ಕೆ ಮುಖ ಮಾಡಿ ಇರಿಸಿದರೆ ಕಾಯುವುದಿಲ್ಲವೆಂದು ಶೀತದೇಶಗಳ ಪುಸ್ತಕಗಳು ಹೇಳುತ್ತವೆ. ನಮ್ಮಲ್ಲಿ ಅದು ನಡೆಯದು. ಕಲಬುರಗಿಯು 17 ಡಿಗ್ರಿ ಉತ್ತರ ಅಕ್ಷಾಂಶವನ್ನು ತುಸು ಮೀರಿದ ಊರು. ಮೇ ತಿಂಗಳ ಎರಡನೆಯ ವಾರದ ಸುಮಾರಿಗೆ ನಡುಹಗಲಿನ ಸೂರ್ಯನು ನೆತ್ತಿಯ ಮೇಲೆಯೇ ಇರುತ್ತಾನೆ, ಅಲ್ಲಿಂದ ಆಗಸ್ಟಿನ ಮೊದಲವರೆಗೆ ಉತ್ತರಕ್ಕೇ ವಾಲಿರುತ್ತಾನೆ. ಆದುದರಿಂದ ದಿಕ್ಕಿನ ಉಪಾಯಕ್ಕಿಂತ ಮರವೇ ಲೇಸು. ಸಂಜೆಯ ಇಳಿಬಿಸಿಲು ತಡೆಯಲು ಪಡುವಣ ಮತ್ತು ವಾಯವ್ಯದ ಅಂಚಿನಲ್ಲಿ ಬೇವು, ಹೊಂಗೆಗಳ ಸಾಲು ಬೇಕು. ಅವು ಬೆಳೆಯುವವರೆಗೆ ವರುಷವರುಷವೂ ಮದುವೆಗೆ ಹಾಕುವಂತೆ ಹಂದರ ಹಾಕಬಹುದು. ಪ್ಲಾಸ್ಟಿಕ್ ಹುಲ್ಲು, ರಬ್ಬರಿನ ಹಾಸುಗಳನ್ನು ಮಾರಲು ಬರುವವರು ಬಹಳ; ಬಿಸಿಲಿನಲ್ಲಿ ಅವು ತಗಡಿಗಿಂತ ಹೆಚ್ಚೇನೂ ಮೇಲಲ್ಲ.

ಗಿಡಗಳ ಆಯ್ಕೆಯಲ್ಲಿ ನಮ್ಮ ಭಕ್ತಿಯೂ ಸ್ವಲ್ಪ ಹಿಂದೆ ಸರಿಯಬೇಕಾದೀತು. ಪೂಜೆಗೆ ಬೇಕೆಂದು ಮಠದ ಹಿತ್ತಲಿನಲ್ಲೆಲ್ಲ ಕಣಗಿಲೆ ನೆಡುವ ರೂಢಿ ನಮ್ಮದು. ಕಣಗಿಲೆ, ಹಳದಿ ಕಣಗಿಲೆ, ಉಮ್ಮತ್ತಿ ಮೂರೂ ವಿಷದ ಗಿಡಗಳು. ಏನನ್ನಾದರೂ ಬಾಯಿಗಿಡುವ ಮಗುವಿನ ಹತ್ತಿರ ಅವು ಇರಕೂಡದು. ಔಡಲ, ಗುಲಗಂಜಿಗಳೂ ಹಾಗೆಯೇ. ಬಿಲ್ವಕ್ಕೂ ಬನ್ನಿಗೂ ಮುಳ್ಳುಂಟು; ಅವು ಗರ್ಭಗುಡಿಯ ಕಡೆಗಿರಲಿ. ನುಗ್ಗೆ, ನೇರಳೆಗಳ ಕೊಂಬೆ ಸುಲಭವಾಗಿ ಮುರಿಯುವುದರಿಂದ ಮರಕೋತಿಯಾಟಕ್ಕೆ ಸಲ್ಲವು. ಆಲ, ಅರಳಿಗಳ ಬೇರು ಹಾಸುಗಲ್ಲನ್ನು ಎತ್ತಿಹಾಕುತ್ತದೆ. ಇದ್ದ ಹುಣಸೆಯನ್ನಂತೂ ಯಾವ ಕಾರಣಕ್ಕೂ ಕಡಿಯಬಾರದು. ನೆರಳು, ಜೋಕಾಲಿಯ ಕೊಂಬೆ, ಹುಳಿಯ ಕಾಯಿ ಮೂರನ್ನೂ ಒಂದೇ ಮರ ಕೊಡುವಾಗ ಇನ್ನಾವ ಯಂತ್ರ ಬೇಕು?

ಎರಡನೆಯದು ನೆಲ. ಎರೆಮಣ್ಣು ಮಳೆಗಾಲದಲ್ಲಿ ಗಾಲಿಗೂ ಕಾಲಿಗೂ ಅಂಟಿಕೊಳ್ಳುತ್ತದೆ, ಬೇಸಿಗೆಯಲ್ಲಿ ಬಿರಿದು ಊರುಗೋಲನ್ನು ನುಂಗುತ್ತದೆ. ಕಲಬುರಗಿಯಲ್ಲಿ ಮಾಡುವುದಾದರೆ ಒಂದು ಅಡಿಯಷ್ಟು ಎರೆಯನ್ನು ತೆಗೆದು ಗಟ್ಟಿ ಮರಂ ಹಾಕಿ ಧಮ್ಮಸ್ಸು ಮಾಡಬೇಕು. ಕಮಲಾಪುರದ ಕಡೆ ಕೆಂಪು ನೆಲವಿರುವಲ್ಲಿ ಆ ಖರ್ಚು ಉಳಿಯುತ್ತದೆ. ದಾರಿಗೆ ನಮ್ಮದೇ ಜಿಲ್ಲೆಯ ಶಹಾಬಾದಿನ ಹಾಸುಗಲ್ಲಿರಲಿ. ಆದರೆ ನುಣುಪು ಹೊಡೆಸದೆ, ಒರಟು ಮೈಯನ್ನೇ ಮೇಲಿಟ್ಟು, ಕಲ್ಲುಕಲ್ಲಿನ ಸಂದು ಸಮವಾಗಿ ಇರಬೇಕು. ಬಾಗಿಲೂ ದಾರಿಯೂ 1.2 ಮೀಟರಿಗಿಂತ ಕಡಿಮೆ ಅಗಲವಾಗಬಾರದು. ಎರಡು ಗಾಲಿಕುರ್ಚಿಗಳು ಎದುರುಬದುರಾಗುವ ಕಡೆ 1.8 ಮೀಟರ್ ಬೇಕು. ಏರು ಇರುವಲ್ಲಿ ಒಂದಕ್ಕೆ ಹನ್ನೆರಡರ ಇಳಿಜಾರು; ಎಂದರೆ ಒಂದು ಅಡಿ ಎತ್ತರದ ಕಟ್ಟೆಯನ್ನೇರಲು ಹನ್ನೆರಡು ಅಡಿ ಉದ್ದದ ದಾರಿ. ಹಲವು ಕಡೆ ಹೆಸರಿಗೆಂದು ಕಟ್ಟಿದ ಕಡಿದಾದ ಇಳಿಜಾರುಗಳನ್ನು ಕಂಡಿದ್ದೇನೆ. ತುಂಬಿದ ಕೊಡವನ್ನು ಅದರ ಮೇಲೆ ಉರುಳಿಸುವುದೂ ಅಪಾಯ, ಮಗುವಿನ ಮಾತಂತಿರಲಿ. ದಾರಿಯು ಎಲ್ಲಿಯೂ ಮುಗಿದುಹೋಗದೆ ಪ್ರದಕ್ಷಿಣೆಯಂತೆ ಸುತ್ತಿ ಬಂದು ಬಾಗಿಲಿಗೇ ಸೇರಬೇಕು. ಅಂಚಿಗೆ ಬೆರಳುದ್ದದ ಕಲ್ಲಿನ ಏಣು ಇದ್ದರೆ ಕಣ್ಣು ಕಾಣದ ಮಗು ಕೋಲಿನಿಂದ ಅದನ್ನು ಹಿಡಿದು ತಾನೇ ನಡೆಯುತ್ತದೆ.

ಬಂಡೆಗಲ್ಲುಗಳ ರಾಶಿ ಮಕ್ಕಳಿಗೆ ಪ್ರಿಯ. ನಮ್ಮ ಸೀಮೆಯಲ್ಲಿ ಚೇಳಿಗೂ ಹಾವಿಗೂ ಅದು ಅಷ್ಟೇ ಪ್ರಿಯ. ಆದ್ದರಿಂದ ಕಲ್ಲುಗಳನ್ನು ರಾಶಿ ಹಾಕದೆ, ಮೂರರಲ್ಲಿ ಒಂದು ಪಾಲು ನೆಲದಲ್ಲಿ ಹೂತು, ಸಂದುಗಳನ್ನು ಮಣ್ಣಿನಿಂದ ಮುಚ್ಚಿ ಕೂಡಿಸಬೇಕು. ಕಟ್ಟಿಗೆಯ ದಿಮ್ಮಿಗಳಿಗೂ ಇದೇ ನಿಯಮ. ಮಣ್ಣಿನ ದಿಬ್ಬವೊಂದನ್ನು ಮಾಡಿ ಅದರ ಮೈಗೇ ಜಾರುಬಂಡೆ ಕೂಡಿಸಿದರೆ ಏಣಿಯ ಅಗತ್ಯವಿಲ್ಲ, ಬಿದ್ದರೂ ಬೀಳುವುದು ಮಣ್ಣಿನ ಮೇಲೆಯೇ. ಕಾಲು ಬಾರದ ಮಗುವೂ ತೆವಳಿ ಮೇಲೇರಬಹುದು. ಆ ಏರುವ ಸುಖವನ್ನು ಅದರಿಂದ ಕಸಿದುಕೊಂಡು ನಾವೇ ಎತ್ತಿ ಕೂಡಿಸುವುದು ದಯೆಯಾಗಲಾರದು.

ಉಸುಕಿನ ಹೊಂಡ ನೆಲಮಟ್ಟದಲ್ಲಿ ಒಂದು ಇರಲಿ. ಅದರ ಜೊತೆಗೆ ಉಸುಕಿನ ಕಟ್ಟೆಯೂ ಒಂದು ಇರಲೇಬೇಕು. ಎರಡೂವರೆ ಅಡಿ ಎತ್ತರದಲ್ಲಿ, ಕೆಳಗೆ ಮೊಣಕಾಲು ತೂರುವಷ್ಟು ಪೊಳ್ಳು ಬಿಟ್ಟು ಕಟ್ಟಿದರೆ ಗಾಲಿಕುರ್ಚಿಯ ಮಗು ಕುಳಿತಲ್ಲಿಯೇ ಎರಡೂ ಕೈ ತುಂಬ ಉಸುಕು ಹಿಡಿಯುತ್ತದೆ. ಮಗ್ಗುಲಲ್ಲಿ ನಿಂತ ಮಗುವಿಗೂ ಅದೇ ಎತ್ತರ ಅನುಕೂಲ. ಇಬ್ಬರೂ ಒಂದೇ ಕಟ್ಟೆಗೆ ಬರುವುದೇ ಇದರ ಮರ್ಮ; ‘ಅವರಿಗೆ’ ಎಂದು ಮೂಲೆಯಲ್ಲಿ ಬೇರೆ ಕಟ್ಟೆ ಕಟ್ಟಿದರೆ ಅದು ಪಂಕ್ತಿಭೇದ. ನಾಯಿ-ಬೆಕ್ಕುಗಳು ಹೊಲಸು ಮಾಡದಂತೆ ರಾತ್ರಿ ಮುಚ್ಚಲು ಬಲೆಯೊಂದು ಬೇಕು. ಮರದ ಸುತ್ತಲಿನ ಕಟ್ಟೆ ಗಾಲಿಕುರ್ಚಿಯ ಆಸನದಷ್ಟೇ, ಒಂದೂವರೆ ಅಡಿ ಎತ್ತರವಿದ್ದರೆ ಮಗು ತಾನೇ ಸರಿದು ಕುಳಿತುಕೊಳ್ಳಬಹುದು. ಮೊಣಕಾಲು ನೋವಿನ ಅಜ್ಜಿಯರಿಗೂ ಅದೇ ಹಿತ. ಆ ಕಟ್ಟೆಯ ಮೇಲೆಯೇ ಹುಲಿ-ಕುರಿಯ ಮನೆ, ಅಳಗುಳಿಯ ಗುಳಿಗಳನ್ನು ಕೊರೆಯಿಸಬೇಕು. ಕೊರೆದ ಗುಳಿ ಬೆರಳಿಗೂ ಕಾಣಿಸುತ್ತದೆ. ಕಣ್ಣಿಲ್ಲದ ಮಗು ಅದರಲ್ಲಿ ಎಣಿಸಿ ಗೆಲ್ಲುವುದನ್ನು ನೋಡಿದವರೇ ಬಲ್ಲರು.

ಜೋಕಾಲಿಗೆ ಬರಿಯ ಹಲಗೆ ಸಾಲದು. ಬೆನ್ನಿಗೂ ಮಗ್ಗುಲಿಗೂ ಆಧಾರವಿರುವುದೊಂದು, ಕೂಸನ್ನು ಮಲಗಿಸುವ ಜೋಳಿಗೆಯಂತೆ ದಪ್ಪ ಬಟ್ಟೆಯದೊಂದು ಬೇಕು. ಕೊರಳು ನಿಲ್ಲದ ಮಗುವೂ ತೂಗಿಸಿಕೊಳ್ಳಲಿ. ದವನ, ಮರುಗ, ತುಳಸಿ, ಮಲ್ಲಿಗೆಗಳ ಪಾತಿ ದಾರಿಯ ತಿರುವುಗಳಲ್ಲಿದ್ದರೆ ವಾಸನೆಯೇ ದಿಕ್ಕು ಹೇಳುತ್ತದೆ. ಗದ್ದಲ ತಾಳಲಾರದ ಮಕ್ಕಳುಂಟು; ಅವರಿಗೆ ಒಂದು ಮೂಲೆಯಲ್ಲಿ ಜೋಳದ ಕಣಿಕಿಯ ಚಿಕ್ಕ ಗುಡಿಸಲು ಸಾಕು. ಸುಗ್ಗಿಯಾದ ಮೇಲೆ ಪ್ರತಿವರುಷ ಹಿರಿಯ ಹುಡುಗರೇ ಅದನ್ನು ಹೊಸದಾಗಿ ಕಟ್ಟಲಿ. ಹಠಾತ್ತನೆ ಓಡಿಹೋಗುವ ಮಕ್ಕಳೂ ಉಂಟಾದ್ದರಿಂದ ಸುತ್ತ ಬೇಲಿ, ಬಾಗಿಲು ಒಂದೇ. ಆಗ ತಾಯಿಯಾದವಳು ಒಂದು ಗಳಿಗೆ ಕುಳಿತು ಉಸಿರು ಬಿಡುತ್ತಾಳೆ. ನೀರು ಬೇಕೇ ಬೇಕು, ಆದರೆ ನಿಲ್ಲಬಾರದು. ಕೈಪಂಪಿನಿಂದ ಮಕ್ಕಳು ಒತ್ತಿದ ನೀರು ಬೆರಳಾಳದ ಕಾಲುವೆಯಲ್ಲಿ ಹರಿದು ಗಿಡದ ಪಾತಿಗೆ ಹೋಗಿ ಇಂಗಲಿ; ಡೆಂಗ್ಯೂ ಸೊಳ್ಳೆಗೆ ಎಡೆಯಾಗದಿರಲಿ. ತೆರೆದ ಬಾವಿಗೆ ಮಾತ್ರ ಎಲ್ಲಕ್ಕಿಂತ ಮೊದಲು ಗಟ್ಟಿ ಜಾಲರಿ.

ಇಷ್ಟನ್ನೂ ಗಂಡಸರೇ ಕುಳಿತು ನಿರ್ಧರಿಸಿದುದನ್ನು ಕಂಡು ನಾನು ಒಂದು ಮಾತು ಹೇಳಿ ಬಂದೆ. ಮುಂದಿನ ಸಭೆ ಹಗಲಿನಲ್ಲಿ ಬೇಡ; ಹೊಲದ ಕೆಲಸ ಮುಗಿದು ತಾಯಂದಿರು ಬರಲಾಗುವ ಹೊತ್ತಿನಲ್ಲಿ, ಆ ಬಯಲಿನಲ್ಲಿಯೇ ಸೇರಲಿ. ಪೇಟೆಯಿಂದ ನಕಾಶೆ ತರಿಸುವ ಮೊದಲು ಸುಣ್ಣದ ಪುಡಿಯಲ್ಲಿ ನೆಲದ ಮೇಲೆಯೇ ದಾರಿಯ ಗೆರೆ ಎಳೆದು, ಅಂಗನವಾಡಿಯ ಆ ತಾಯಿ ಹೆಸರಿಸಿದ ಮಕ್ಕಳನ್ನೆಲ್ಲ ಕರೆತಂದು, ಗಾಲಿಕುರ್ಚಿಯನ್ನು ಅದರ ಮೇಲೆ ಉರುಳಿಸಿ ನೋಡಲಿ. ಮಕ್ಕಳು ಎಲ್ಲಿ ತಾವಾಗಿಯೇ ನಿಲ್ಲುತ್ತಾರೋ ಅಲ್ಲಿ ಕಟ್ಟೆ. ತಾಲ್ಲೂಕಿನ ವಿಶೇಷ ಸಂಪನ್ಮೂಲ ಶಿಕ್ಷಕರನ್ನೂ, ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನೂ ಕರೆಯಲು ಒಪ್ಪಿದ್ದಾರೆ. ಕಲ್ಯಾಣಮಂಟಪದ ಪಕ್ಷದವರು ಇನ್ನೂ ಪೂರ್ತಿ ಒಪ್ಪಿಲ್ಲ. ಬಾವಿಯ ಜಾಲರಿಗೆ ಮಾತ್ರ ಅವರೇ ಹಣ ಕೊಟ್ಟಿದ್ದಾರೆ.

ಪಡುವಣ ಅಂಚಿನಲ್ಲಿ ಮೂರಡಿ ಉದ್ದಗಲ ಆಳದ ಗುಂಡಿಗಳನ್ನು ವೈಶಾಖದಲ್ಲಿಯೇ ತೋಡಿ ಬಿಸಿಲಿಗೆ ಬಿಟ್ಟು, ಮೃಗಶಿರಾ ಮಳೆ ಬಿದ್ದೊಡನೆ ಗೊಬ್ಬರ ತುಂಬಿ ಬೇವಿನ ಸಸಿ ಇಡುವುದೆಂದು ತೀರ್ಮಾನವಾಗಿದೆ. ಪಂಚಮಿಯ ಜೋಕಾಲಿ ಹುಣಸೆಯ ಮೂಡಣ ಕೊಂಬೆಗೆ. ಬೆನ್ನಾಸರೆಯ ಪೀಠವನ್ನು ಊರ ಬಡಿಗೇರರು ಮಾಡಿಕೊಡುತ್ತಾರೆ.